ಕೀಲಿ ಸಿಗುವ ದಿನ ನೋಡಿ ಟಿಕೆಟ್ ತೆಗೆಯಿರಿ

ಪ್ರಶ್ನೆ: ನಾನು ಗರಗದವಳು. ಅವ್ವ ಇಲ್ಲಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜದ ಬಟ್ಟೆಗೆ ನೂಲು ತೆಗೆಯುತ್ತಾಳೆ, ಅಪ್ಪ ಒಕ್ಕಲುತನ ಮಾಡುತ್ತಾರೆ. ಜರ್ಮನಿಯಲ್ಲಿ ಎಂ.ಎಸ್ಸಿ.ಗೆ ಸೀಟು ಸಿಕ್ಕಿದೆ, ವೀಸಾನೂ ಬಂದಿದೆ. ಹಾಸ್ಟೆಲ್ ಕೋಣೆ ಅಕ್ಟೋಬರ್ 1ರಿಂದ. ಆದರೆ ಸೆಪ್ಟೆಂಬರ್ 26ರ ಶನಿವಾರ ರಾತ್ರಿ ಅಲ್ಲಿ ಇಳಿಯುವ ವಿಮಾನಕ್ಕೆ ಹನ್ನೆರಡು ಸಾವಿರ ರೂಪಾಯಿ ಕಡಿಮೆ ಇದೆ. ಬೆಂಗಳೂರಿಗೂ ನಾನು ಒಬ್ಬಳೇ ಹೋದವಳಲ್ಲ. ರಾತ್ರಿ ಗುರುತಿಲ್ಲದ ಊರಲ್ಲಿ ಇಳಿದು ಎಲ್ಲಿಗೆ ಹೋಗಲಿ ಎಂದು ನೆನೆದರೆ ನಿದ್ದೆ ಬರುವುದಿಲ್ಲ.

ಉತ್ತರ: ದುಡ್ಡು ಉಳಿಸಬೇಕು, ಆದರೆ ಕತ್ತಲಲ್ಲಿ ಒಬ್ಬಳೇ ಇಳಿಯಲು ಹೆದರಿಕೆ. ನಿಮ್ಮ ಮನಸ್ಸಿನಲ್ಲಿರುವುದು ಈ ಎರಡು. ಎರಡೂ ನ್ಯಾಯವಾದವು. ಆ ಹೆದರಿಕೆ ನಿಮ್ಮ ಅಳುಕುತನವಲ್ಲ, ಅದು ನಿಮಗೆ ಸರಿಯಾದ ಎಚ್ಚರಿಕೆಯನ್ನೇ ಕೊಡುತ್ತಿದೆ.

ಮೊದಲು ಲೆಕ್ಕ ಹಾಕೋಣ. 26ರ ರಾತ್ರಿ ಇಳಿದರೆ ಕೋಣೆಯ ಕೀಲಿ ಕೈಗೆ ಬರುವ ತನಕ ಐದು ರಾತ್ರಿ ಹೊರಗೆ ತಂಗಬೇಕು. ಉಳಿಸಿದ ಹನ್ನೆರಡು ಸಾವಿರ ಅಲ್ಲಿಯೇ ಕರಗುತ್ತದೆ. ಮರುದಿನ ಭಾನುವಾರ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದ ಅಂಗಡಿಗಳಂಥ ಕೆಲವು ಮಾತ್ರ ತೆರೆದಿರುತ್ತವೆ. ಇಷ್ಟು ಹೇಳಿದರೆ ಹೆಚ್ಚು ದುಡ್ಡಿನ ಟಿಕೆಟಿಗೂ ಅಪ್ಪನವರು ಒಪ್ಪುತ್ತಾರೆಂದು ನನ್ನ ನಂಬಿಕೆ.

ಅಕ್ಟೋಬರ್ 1 ಗುರುವಾರ. ಅಂದು ಬೆಳಿಗ್ಗೆ ಇಳಿಯುವಂತೆ ಟಿಕೆಟ್ ತೆಗೆಯಿರಿ. ಹೌಸ್‌ಮೈಸ್ಟರ್ (ಹಾಸ್ಟೆಲ್ ಕಟ್ಟಡ ನೋಡಿಕೊಳ್ಳುವವರು) ಸಾಮಾನ್ಯವಾಗಿ ಕಚೇರಿ ವೇಳೆಯಲ್ಲೇ ಕೀಲಿ ಕೊಡುತ್ತಾರೆ, ಬರುವ ದಿನ ಮತ್ತು ಹೊತ್ತನ್ನು ಅವರಿಗೆ ಮುಂಚೆಯೇ ಇಮೇಲ್ ಮಾಡಿ ಉತ್ತರ ತರಿಸಿಕೊಳ್ಳಿ. ಅಕ್ಟೋಬರ್ 3 ಜರ್ಮನಿಯ ರಾಷ್ಟ್ರೀಯ ರಜೆ, ಅದರ ಮಾರನೆಯ ದಿನ ಮತ್ತೆ ಭಾನುವಾರ. ಹಾಗಾಗಿ ಹೊದಿಕೆ, ಅಕ್ಕಿ, ಬೇಳೆ, ಸಿಮ್ ಎಲ್ಲವನ್ನೂ ಶುಕ್ರವಾರ ಸಂಜೆಯೊಳಗೆ ತಂದಿಟ್ಟುಕೊಳ್ಳಬೇಕು. ವೀಸಾದ ಮೇಲೆ ಅದು ಯಾವತ್ತಿನಿಂದ ಜಾರಿ ಎಂದು ಅಚ್ಚಾಗಿರುತ್ತದೆ. ಅದಕ್ಕಿಂತ ಒಂದು ದಿನ ಮೊದಲೂ ಅಲ್ಲಿ ಕಾಲಿಡುವಂತಿಲ್ಲ, ಅದನ್ನೂ ನೋಡಿಕೊಳ್ಳಿ.

ಎಷ್ಟೋ ಮನೆಯವರು ಎಡವುವ ಜಾಗ ಇನ್ನೊಂದಿದೆ. ಬೆಂಗಳೂರಿನಿಂದ ಯುರೋಪಿಗೆ ಹೋಗುವ ಹಲವು ವಿಮಾನಗಳು ನಡುರಾತ್ರಿ ದಾಟಿದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ ಅಕ್ಟೋಬರ್ 1, ರಾತ್ರಿ 3 ಗಂಟೆ ಎಂದಿದ್ದರೆ ನೀವು ಸೆಪ್ಟೆಂಬರ್ 30ರ ರಾತ್ರಿಯೇ ನಿಲ್ದಾಣದಲ್ಲಿರಬೇಕು. ಹುಬ್ಬಳ್ಳಿಯಿಂದ ವಿದೇಶಕ್ಕೆ ನೇರ ವಿಮಾನವಿಲ್ಲ. 29ರಂದೇ ಧಾರವಾಡದಿಂದ ರೈಲು ಹತ್ತಿ, ಒಂದು ರಾತ್ರಿ ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಮಲಗಿ ಎದ್ದು ಹೋಗಿ. ಅಪ್ಪ ಅವ್ವ ಇಬ್ಬರೂ ಜೊತೆಗೆ ಬರಲಿ.

ಹಣದ ವಿಷಯ. ನಿಮ್ಮ ಬ್ಲಾಕ್ಡ್ ಅಕೌಂಟಿನಲ್ಲಿ (ವರ್ಷದ ಖರ್ಚನ್ನು ಮುಂಗಡ ಇಟ್ಟು, ತಿಂಗಳಿಗಿಷ್ಟೇ ಎಂದು ಬಿಡುವ ಖಾತೆ) 11,904 ಯೂರೊ ಇಟ್ಟಿದ್ದರೆ ತಿಂಗಳಿಗೆ 992 ಯೂರೊ ಬರುತ್ತದೆ. ಆದರೆ ಸಾಮಾನ್ಯವಾಗಿ ಅಲ್ಲಿ ಬ್ಯಾಂಕ್ ಖಾತೆ ತೆರೆದ ಮೇಲೆಯೇ ಅದು ಕೈಗೆ ಸಿಗುವುದು. ಅಲ್ಲಿಯವರೆಗೆ ಬಾಡಿಗೆ, ಠೇವಣಿ, ಊಟಕ್ಕೆ ಒಂದೂವರೆ ತಿಂಗಳಿಗೆ ಸಾಕಾಗುವಷ್ಟನ್ನು ಫಾರೆಕ್ಸ್ ಕಾರ್ಡಿನಲ್ಲಿ (ವಿದೇಶಿ ಹಣ ತುಂಬಿದ ಕಾರ್ಡು) ತುಂಬಿಸಿಕೊಂಡು, ಸ್ವಲ್ಪ ನೋಟು ಜೊತೆಗಿಟ್ಟುಕೊಳ್ಳಿ. ಕೋಣೆ ಸೇರಿದ ಎರಡು ವಾರದೊಳಗೆ ಆನ್‌ಮೆಲ್ಡುಂಗ್ (ನಗರದ ಕಚೇರಿಯಲ್ಲಿ ವಿಳಾಸ ನೋಂದಣಿ) ಮಾಡಿಸಬೇಕು. ಅದಕ್ಕೆ ಹಾಸ್ಟೆಲಿನವರು ಸಹಿ ಮಾಡಿದ ಪತ್ರ ಬೇಕು, ಕೀಲಿ ಪಡೆಯುವಾಗಲೇ ಕೇಳಿ. ಕಚೇರಿಯ ಭೇಟಿಯ ಸಮಯವನ್ನು ಗರಗದಲ್ಲಿ ಕೂತೇ ಆನ್‌ಲೈನಿನಲ್ಲಿ ಗೊತ್ತುಮಾಡಿಕೊಳ್ಳಬಹುದು. ದೊಡ್ಡ ನಗರಗಳಲ್ಲಿ ಅದು ಬೇಗ ಸಿಗುವುದಿಲ್ಲ.

ಪಾಸ್‌ಪೋರ್ಟ್, ಪ್ರವೇಶ ಪತ್ರ, ವಿಮೆ, ಕೋಣೆಯ ಕರಾರು, ಎಲ್ಲದರ ಮೂಲಪ್ರತಿಗಳು ಹೆಗಲ ಚೀಲದಲ್ಲೇ ಇರಲಿ.

ಗೋಕಾಕ ತಾಲೂಕಿನ ಮಮದಾಪುರದ ಡಿ.ಸಿ. ಪಾವಟೆಯವರು ನೂರು ವರ್ಷದ ಹಿಂದೆ ಗಣಿತ ಓದಲು ಕೇಂಬ್ರಿಜ್‌ಗೆ ಹೋದರು. ಆಗ ಮನೆಗೆ ಒಂದು ಕಾಗದ ಮುಟ್ಟಲು ವಾರಗಳೇ ಹಿಡಿಯುತ್ತಿದ್ದವು. ನೀವು ಇಳಿದ ಗಳಿಗೆಯಲ್ಲೇ ಅವ್ವನ ಜೊತೆ ಮಾತಾಡಬಹುದು. ನಿಲ್ದಾಣದ ವೈಫೈ ಹಿಡಿದು ಮೊದಲ ಕರೆ ಅವರಿಗೇ ಮಾಡಿ.

ಪ್ರಶ್ನೆ: ಮಗ ದುಬೈ ಮೇಲೆ ಹಾಯ್ದು ಐರ್ಲೆಂಡಿಗೆ ಓದಲು ಹೊರಟಾನ. ಅವನಿಗೆ ಒಲಿ ಹಚ್ಚಲಿಕ್ಕೂ ಬರೂದಿಲ್ಲ. ಪೇಡೆ, ಮನೆ ತುಪ್ಪ, ಚಟ್ನಿ, ಮಸಾಲಿ ಸಾಮಾನು ಎಲ್ಲಾ ಕಟ್ಟಿಟ್ಟೀನಿ. ಹಸಿದು ಕೂತರ ಯಾರು ನೋಡಬೇಕು? – ತಡಕೋಡದ ತಾಯಿ

ಉತ್ತರ: ತಾಯೀ, ಮಗ ಹಸಿದಿರಬಾರದು ಎಂಬ ನಿಮ್ಮ ಚಿಂತೆ ನನಗೆ ಅರ್ಥವಾಗುತ್ತದೆ. ನೀವು ಕಟ್ಟಿದ್ದರಲ್ಲಿ ಹೆಚ್ಚಿನದು ಹೋಗುತ್ತದೆ, ಕೆಲವನ್ನು ಮಾತ್ರ ತೆಗೆದಿಡಬೇಕು.

ಐರ್ಲೆಂಡ್ ಯುರೋಪಿಯನ್ ಒಕ್ಕೂಟದ ದೇಶ. ನಮ್ಮಂಥ ಹೊರದೇಶಗಳಿಂದ ಬರುವವರು ಅಲ್ಲಿಗೆ ಹಾಲಿನಿಂದ ಮಾಡಿದ್ದನ್ನು ತರುವಂತಿಲ್ಲ. ಪೇಡೆ, ತುಪ್ಪ ಎರಡೂ ಮನೆಯಲ್ಲೇ ಉಳಿಯಲಿ. ಹಸಿ ಕರಿಬೇವೂ ಬೇಡ. ಒಣಕೊಬ್ಬರಿಯನ್ನು ನಮ್ಮ ವಿಮಾನ ನಿಲ್ದಾಣದಲ್ಲೇ ತಡೆಯುತ್ತಾರೆ, ಅದಕ್ಕೆ ಬೇಗ ಬೆಂಕಿ ಹತ್ತುತ್ತದೆ.

ಮಸಾಲೆ ಸಾಮಾನಿನಲ್ಲಿ ಗಸಗಸೆ ಇದ್ದರೆ ದಯವಿಟ್ಟು ಇವತ್ತೇ ತೆಗೆಯಿರಿ. ಅದು ಅಫೀಮಿನ ಗಿಡದ ಬೀಜ. ದುಬೈ ಇರುವ ಯುಎಇ ದೇಶದಲ್ಲಿ ಅದನ್ನು ಮಾದಕ ವಸ್ತುವಿನ ಸಾಲಿಗೆ ಸೇರಿಸಿದ್ದಾರೆ. ತಿಳಿಯದೆ ಒಯ್ದವರೂ ಅಲ್ಲಿ ಬಂಧನಕ್ಕೊಳಗಾಗಿದ್ದಾರೆ.

ಶೇಂಗಾ, ಅಗಸಿ, ಗುರೆಳ್ಳು ಚಟ್ನಿ ಪುಡಿಗಳು, ಕೆಂಪು ಖಾರ, ಕಡಕ್ ರೊಟ್ಟಿ ಧಾರಾಳವಾಗಿ ಕಟ್ಟಿರಿ. ಪ್ರತಿ ಪೊಟ್ಟಣದ ಮೇಲೂ ಒಳಗೇನಿದೆ ಎಂದು ಇಂಗ್ಲಿಷಿನಲ್ಲಿ ಬರೆಸಿ. ಇನ್ನುಳಿದ ದಿನಗಳಲ್ಲಿ ಮಗನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ಅನ್ನ, ಸಾರು, ಒಂದು ಪಲ್ಯ ಕಲಿಸಿ. ರೊಟ್ಟಿ ಒಂದು ತಿಂಗಳಲ್ಲಿ ಮುಗಿಯುತ್ತದೆ, ಕಲಿತದ್ದು ಓದು ಮುಗಿಯುವ ತನಕ ನಡೆಯುತ್ತದೆ.

ಪ್ರಶ್ನೆ: ಮಗನಿಗೆ ಅಮೆರಿಕದಲ್ಲಿ ಪ್ರವೇಶ ಸಿಕ್ಕಿದೆ. ಮಾರ್ಕ್ಸ್ ಕಾರ್ಡಿನಲ್ಲಿ ಅಡ್ಡಹೆಸರು ಮೊದಲು, ಪಾಸ್‌ಪೋರ್ಟಿನಲ್ಲಿ ಕೊನೆಗೆ. ಹೆಸರಿನ ಒಂದು ಅಕ್ಷರವೂ ಬೇರೆ. ನಿಲ್ದಾಣದಲ್ಲಿ ಹಿಡಿದು ವಾಪಸ್ ಕಳಿಸುತ್ತಾರೆಯೇ? – ಉಪ್ಪಿನಬೆಟಗೇರಿಯ ಓದುಗರು

ಉತ್ತರ: ನಮ್ಮ ಭಾಗದ ಅರ್ಧ ಮನೆಗಳ ಚಿಂತೆ ಇದು. ಹೆಸರಿನ ಹಿಂದುಮುಂದಿಗೆ ಯಾರೂ ವಾಪಸ್ ಕಳಿಸುವುದಿಲ್ಲ. ಪ್ರಯಾಣದಲ್ಲಿ ನೋಡುವುದು ಪಾಸ್‌ಪೋರ್ಟನ್ನು. ಟಿಕೆಟ್, ವೀಸಾ, ಐ-20 (ವಿಶ್ವವಿದ್ಯಾಲಯ ಕಳಿಸುವ ಅರ್ಹತಾ ಪತ್ರ) ಮೂರರಲ್ಲೂ ಅದರಂತೆಯೇ ಹೆಸರಿರಬೇಕು.

ಮಾರ್ಕ್ಸ್ ಕಾರ್ಡಿನ ಬೇರೆ ಅಕ್ಷರಕ್ಕೆ, ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್ (ಪ್ರಮಾಣಪತ್ರ) ಅನ್ನು ನೋಟರಿಯಿಂದ ಮಾಡಿಸಿ ಜೊತೆಗಿಡಿ. ಐ-20ಯಲ್ಲೇ ತಪ್ಪಿದ್ದರೆ ವಿಶ್ವವಿದ್ಯಾಲಯಕ್ಕೆ ಬರೆದು ಈಗಲೇ ತಿದ್ದಿಸಿ. ಅದರಲ್ಲಿರುವ ಆರಂಭದ ದಿನಕ್ಕಿಂತ 30 ದಿನಗಳಿಗೂ ಮುಂಚೆ ವಿದ್ಯಾರ್ಥಿ ವೀಸಾದ ಮೇಲೆ ಅಮೆರಿಕದೊಳಗೆ ಬಿಡುವುದಿಲ್ಲ ಎಂಬುದೂ ನೆನಪಿರಲಿ.

ಟಿಕೆಟಿಗೆ ಹಣ ಕಟ್ಟುವ ಮುನ್ನ ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು, ಮಗನಿಂದಲೇ ಒಂದೊಂದು ಅಕ್ಷರ ಓದಿಸಿ ಸರಿನೋಡಿ.