ಗಾಜಿನೊಳಗಿನ ಚಕ್ರ, ಗಲ್ಲಿಯ ಡಬ್ಬ

ಪ್ರಶ್ನೆ: ಗೋವಾದ ಹೋಟೆಲೊಂದರಲ್ಲಿ ಟಚ್‌ಸ್ಕ್ರೀನ್ ಮುಟ್ಟಿ ಆಡುವ ಎಲೆಕ್ಟ್ರಾನಿಕ್ ರೂಲೆಟ್ ನೋಡಿದೆ. ನಮ್ಮ ಕಡೆಯ ವಿಡಿಯೊ ಗೇಮ್ ಪಾರ್ಲರಿನಲ್ಲೂ ಅಂಥದೇ ಚಕ್ರ ಇದೆ ಅನ್ನುತ್ತಾರೆ. ಆಡುವುದು ಹೇಗೆ? ಎಲ್ಲಿಂದ ಬಂತು ಈ ಆಟ? ಗೆಲ್ಲುವ ಉಪಾಯವೇನಾದರೂ ಉಂಟೆ?
— ಓದುಗರೊಬ್ಬರು, ನೆಹರೂನಗರ, ಕುರ್ಲಾ (ಪೂರ್ವ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸಿಬಿಡುತ್ತೇನೆ. ಇಲ್ಲ. ಯಾಕಿಲ್ಲ ಅನ್ನುವುದು ಆಡುವ ಕ್ರಮದಲ್ಲೇ ಗೊತ್ತಾಗುತ್ತದೆ.

ಚಕ್ರದಲ್ಲಿ 37 ಮನೆಗಳು. 1ರಿಂದ 36ರವರೆಗಿನ ಸಂಖ್ಯೆಗಳಲ್ಲಿ ಅರ್ಧ ಕೆಂಪು, ಅರ್ಧ ಕಪ್ಪು. ಸೊನ್ನೆಯೊಂದು ಮಾತ್ರ ಹಸಿರು. ಯಂತ್ರಕ್ಕೆ ಹಣ ತುಂಬಿದರೆ ಸ್ಕ್ರೀನಿನ ಮೂಲೆಯಲ್ಲಿ ನಿಮ್ಮ ಕ್ರೆಡಿಟ್ ಕಾಣುತ್ತದೆ. ಮೊದಲು ಪಣದ ಬಿಲ್ಲೆಯ (ಚಿಪ್) ಬೆಲೆ ಮುಟ್ಟಿ, ಆಮೇಲೆ ಬೇಕಾದ ಸಂಖ್ಯೆ ಮುಟ್ಟಬೇಕು. ಎರಡು ಸಂಖ್ಯೆಗಳ ನಡುವಿನ ಗೆರೆ ಮುಟ್ಟಿದರೆ ಪಣ ಎರಡಕ್ಕೂ ಸಲ್ಲುತ್ತದೆ. ನಾಲ್ಕು ಸಂಖ್ಯೆಗಳು ಕೂಡುವ ಮೂಲೆ ಮುಟ್ಟಿದರೆ ನಾಲ್ಕಕ್ಕೂ. ಒಂಟಿ ಸಂಖ್ಯೆ ಬಿದ್ದರೆ ಪಣ ಮರಳುವುದರ ಜೊತೆಗೆ ಒಂದಕ್ಕೆ 35, ಜೋಡಿಗೆ 17, ನಾಲ್ಕರ ಗುಂಪಿಗೆ 8, ಹನ್ನೆರಡರ ಗುಂಪಿಗೆ 2. ಕೆಂಪು-ಕಪ್ಪು, ಸಮ-ಬೆಸಗಳಿಗೆ ಒಂದಕ್ಕೆ ಒಂದು. ಸೆಕೆಂಡುಗಳ ಎಣಿಕೆ ಮುಗಿಯುತ್ತಲೇ ಸ್ಕ್ರೀನ್ ಪಣ ತೆಗೆದುಕೊಳ್ಳುವುದನ್ನು ನಿಲ್ಲಿಸುತ್ತದೆ.

ಮುಂದಿನದು ಯಂತ್ರದ ಜಾತಿಗೆ ತಕ್ಕಂತೆ. ಒಂದು ಜಾತಿಯಲ್ಲಿ ಗಾಜಿನ ಗುಮ್ಮಟದೊಳಗೆ ನಿಜವಾದ ಚಕ್ರವೇ ಇರುತ್ತದೆ. ಗಾಳಿಯ ಒತ್ತಡ ಗೋಲಿಯನ್ನು ಅಂಚಿನ ಓಣಿಗೆ ಚಿಮ್ಮಿಸುತ್ತದೆ, ಅದು ಸುತ್ತಿ ಸುತ್ತಿ ಸೋತು ಒಂದು ಮನೆಗೆ ಬೀಳುತ್ತದೆ, ಯಾವ ಮನೆಯೆಂದು ಸೆನ್ಸರ್ ಓದುತ್ತದೆ. ಇನ್ನೊಂದು ಜಾತಿಯಲ್ಲಿ ಚಕ್ರವೂ ಇಲ್ಲ, ಗೋಲಿಯೂ ಇಲ್ಲ; ಪ್ರೋಗ್ರಾಮು ಒಂದು ಸಂಖ್ಯೆ ಹೆಕ್ಕುತ್ತದೆ, ತಿರುಗುವ ಚಿತ್ರ ಬರೀ ಕಣ್ಣಿಗೆ ಹಬ್ಬ. ಎರಡರಲ್ಲೂ ಹಿಂದಿನ ಆಟಗಳಲ್ಲಿ ಬಿದ್ದ ಸಂಖ್ಯೆಗಳ ಪಟ್ಟಿ ಮಿನುಗುತ್ತಿರುತ್ತದೆ. ಅದನ್ನು ನೋಡಿ ಲೆಕ್ಕ ಹಾಕುವವರೇ ಯಂತ್ರದವನಿಗೆ ಬೇಕಾದ ಗಿರಾಕಿಗಳು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದಲ್ಲಿ ಕಪ್ಪು ಸತತ 26 ಸಲ ಬಿತ್ತು. ಇನ್ನು ಕೆಂಪು ಬರಲೇಬೇಕೆಂದು ಪಣ ಏರಿಸುತ್ತ ಹೋದವರು ಜೇಬು ಖಾಲಿ ಮಾಡಿಕೊಂಡರು. ಗೋಲಿಗೆ ಹಿಂದಿನ ಆಟದ ನೆನಪಿರುವುದಿಲ್ಲ.

ಲೆಕ್ಕ ಇಷ್ಟೇ. ಮನೆಗಳು 37, ಆದ್ದರಿಂದ ನ್ಯಾಯವಾಗಿ ಒಂದಕ್ಕೆ 36 ಕೊಡಬೇಕು, ಕೊಡುವುದು 35. ಪಣವನ್ನು ಹೇಗೆ ಹಂಚಿದರೂ ನೂರಕ್ಕೆ ಸರಾಸರಿ 2.70 ರೂಪಾಯಿ ಅಂಗಡಿಯವನದು. ಅಮೆರಿಕದ ಚಕ್ರದಲ್ಲಿ 00 ಎಂಬ ಇನ್ನೊಂದು ಹಸಿರು ಮನೆಯಿದ್ದು, ಅಲ್ಲಿ ಇದು 5.26. ಸೋತಾಗಲೆಲ್ಲ ಪಣ ದುಪ್ಪಟ್ಟು ಮಾಡುವ ಹಳೆಯ ಉಪಾಯವೂ ಇದನ್ನು ಬದಲಿಸದು: ನೂರರಿಂದ ಹೊರಟು ಏಳು ಸಲ ಸೋತವನ 12,700 ರೂಪಾಯಿ ಹೋಗಿರುತ್ತದೆ, ಎಂಟನೆಯ ಪಣ 12,800, ಅದೂ ಗೆದ್ದರೆ ಲಾಭ ಬರೀ ನೂರು.

ಮುಂಬಯಿಯವರಿಗೆ ಈ ಲೆಕ್ಕ ಹೊಸದೇನಲ್ಲ. ನ್ಯೂಯಾರ್ಕ್ ಹತ್ತಿ ಪೇಟೆಯ ದರಗಳ ಮೇಲೆ ಕಟ್ಟುತ್ತಿದ್ದ ಪಣ 1960ರ ದಶಕದ ಆರಂಭದಲ್ಲಿ ನಿಂತುಹೋದಾಗ ಕಲ್ಯಾಣ್‌ಜಿ ಭಗತ್, ರತನ್ ಖತ್ರಿ ಮುಂತಾದವರು ವರ್ಲಿ ಮಟ್ಕಾ ಎಂಬ ಅಂಕಿ ಜೂಜು ಶುರು ಮಾಡಿದರು. ಅದೇ ಉತ್ತರ ಕರ್ನಾಟಕಕ್ಕೆ ಬಂದು ಓಸಿ ಆಯಿತು. ಹತ್ತು ಅಂಕಿಗಳಲ್ಲಿ ಒಂದು ಬಿದ್ದರೆ ಸಾಮಾನ್ಯವಾಗಿ ಕಟ್ಟಿದ ಪಣವೂ ಸೇರಿ ರೂಪಾಯಿಗೆ ಒಂಬತ್ತು: ಅಂದರೆ ನೂರಕ್ಕೆ ಹತ್ತು ಬುಕ್ಕಿಯ ಪಾಲು. ಹಾಗೆ ನೋಡಿದರೆ ರೂಲೆಟ್ ಸಾಧುವೇ. ಆದರೆ ಮಟ್ಕಾ ಓಪನ್ ಎಂಬ ಮೊದಲ ಅಂಕಿಗೂ ಕ್ಲೋಸ್ ಎಂಬ ಎರಡನೆಯ ಅಂಕಿಗೂ ಗಂಟೆಗಟ್ಟಲೆ ಕಾಯಿಸುತ್ತದೆ, ಯಂತ್ರ ಕಾಯಿಸುವುದಿಲ್ಲ. ನಿಮಿಷಕ್ಕೊಂದು ಆಟದಂತೆ ನೂರು ನೂರು ಕಟ್ಟಿದರೆ ಗಂಟೆಗೆ ಸರಾಸರಿ 162 ರೂಪಾಯಿ ನಷ್ಟ. ಇಪ್ಪತ್ತು ಸೆಕೆಂಡಿಗೊಂದು ಆದರೆ 486. ಎಲೆಕ್ಟ್ರಾನಿಕ್ ಆದ ಮೇಲೆ ಆಟದಲ್ಲಿ ನಿಜವಾಗಿ ಬದಲಾದದ್ದು ಈ ವೇಗವೊಂದೇ.

ಇನ್ನು ಮೂಲದ ಮಾತು. ಗಣಿತಜ್ಞ ಪಾಸ್ಕಲ್ ನಿರಂತರ ಚಲಿಸುವ ಯಂತ್ರ ಮಾಡಲು ಹೋಗಿ ರೂಲೆಟ್ ಮಾಡಿದನೆಂಬ ಕತೆಯಿದೆ, ನನಗೆ ನಂಬಿಕೆಯಿಲ್ಲ. ಅವನು 1654ರಲ್ಲಿ ಇನ್ನೊಬ್ಬ ಗಣಿತಜ್ಞ ಫರ್ಮಾನಿಗೆ ಪತ್ರ ಬರೆದು ಜೂಜಿನ ಸಂಭವಗಳ ಲೆಕ್ಕ ಹಾಕಿದ್ದು ಮಾತ್ರ ನಿಜ. ಈಗಿನ ರೂಪದ ಚಕ್ರ ಹದಿನೆಂಟನೇ ಶತಮಾನದ ಕೊನೆಗೆ ಪ್ಯಾರಿಸ್ಸಿನ ಪಲೇ ರೊಯಾಲ್‌ನಲ್ಲಿ ತಿರುಗುತ್ತಿತ್ತು, ಅದಕ್ಕೆ 0, 00 ಎರಡೂ ಇದ್ದವು. 1843ರಲ್ಲಿ ಜರ್ಮನಿಯ ಹೊಂಬುರ್ಗ್‌ನಲ್ಲಿ ಫ್ರಾಂಸ್ವಾ ಮತ್ತು ಲೂಯಿ ಬ್ಲಾಂ ಎಂಬ ಸೋದರರು ಒಂದು ಸೊನ್ನೆ ತೆಗೆದು ಗಿರಾಕಿಗಳನ್ನು ಎಳೆದರು. 1863ರಲ್ಲಿ ಫ್ರಾಂಸ್ವಾ ಮಾಂಟೆ ಕಾರ್ಲೊ ಹಿಡಿದ. ಲಾಭದ ಪ್ರಮಾಣ ಇಳಿಸಿ ಗಿರಾಕಿ ಹೆಚ್ಚಿಸಿಕೊಳ್ಳುವ ವಿದ್ಯೆ ಮುಂಬಯಿಯ ನಮ್ಮ ಹೋಟೆಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗೋವಾದಲ್ಲಿ ನೀವು ಯಂತ್ರವನ್ನೇ ಕಂಡದ್ದಕ್ಕೆ ಕಾರಣ ಕಾನೂನು. ಅಲ್ಲಿನ 1976ರ ಜೂಜು ಕಾಯ್ದೆಗೆ 1990ರ ದಶಕದಲ್ಲಿ ತಿದ್ದುಪಡಿಗಳಾದವು. ಪಂಚತಾರಾ ಹೋಟೆಲುಗಳಿಗೆ ಎಲೆಕ್ಟ್ರಾನಿಕ್ ಆಟಗಳು, ನೀರಿನ ಮೇಲಿನ ಹಡಗುಗಳಿಗೆ ಮೇಜಿನ ಆಟಗಳು ಎಂದು ಹಂಚಿಕೆಯಾಯಿತು. ಚಕ್ರವನ್ನು ಕೈಯಿಂದ ತಿರುಗಿಸುವವರನ್ನು ನೋಡಬೇಕಾದರೆ ಮಾಂಡೋವಿ ನದಿಯ ಹಡಗು ಹತ್ತಬೇಕು. ಮಹಾರಾಷ್ಟ್ರವೂ ಅದೇ 1976ರಲ್ಲಿ ಕ್ಯಾಸಿನೊ ಕಾಯ್ದೆ ಮಾಡಿತ್ತು, ಒಂದು ದಿನವೂ ಜಾರಿಗೆ ತರಲಿಲ್ಲ, 2023ರಲ್ಲಿ ರದ್ದು ಮಾಡಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧಕ್ಕೆ 2025ರ ಆಗಸ್ಟಿನಲ್ಲಿ ಸಂಸತ್ತು ಕಾಯ್ದೆ ಮಾಡಿದೆ. ಮೊಬೈಲಿನ ರೂಲೆಟ್ ಆಪ್ ಕೂಡ ಆ ನಿಷೇಧಕ್ಕೆ ಸೇರಿದ್ದು.

ಹಾಗಾಗಿ ಕುರ್ಲಾದ ಗಲ್ಲಿಯಲ್ಲಿ ಹಣಕ್ಕೆ ಆಡಿಸುವ ಚಕ್ರ ಯಾವುದಿದ್ದರೂ ಅದಕ್ಕೆ ಪರವಾನಗಿ ಇರಲಾರದು. ಪರವಾನಗಿ ಇಲ್ಲದ ಕಡೆ ಒಳಗಿನ ಪ್ರೋಗ್ರಾಮನ್ನು ಪರೀಕ್ಷಿಸುವವರೂ ಇರುವುದಿಲ್ಲ. ಮೇಲೆ ಹೇಳಿದ 2.70ರ ಲೆಕ್ಕ ಆ ಡಬ್ಬಕ್ಕೆ ಅನ್ವಯಿಸುತ್ತದೆಂಬ ಭರವಸೆ ಬೇಡ, ಅದು ಮಾಲೀಕ ಕೂರಿಸಿದ ಲೆಕ್ಕ. ಗೋವಾಕ್ಕೆ ಇನ್ನೊಮ್ಮೆ ಹೋದಾಗ ಆಡಲೇಬೇಕೆನಿಸಿದರೆ ಒಂದೇ ಸೊನ್ನೆಯ ಚಕ್ರ ಹುಡುಕಿ, ಸಿನಿಮಾ ಟಿಕೆಟ್ಟಿಗೆ ಕೊಟ್ಟಷ್ಟು ಕೊಟ್ಟು ಎದ್ದುಬನ್ನಿ. ಪಾರ್ಲರಿನೊಳಕ್ಕೆ ಮಾತ್ರ ಕಾಲಿಡಬೇಡಿ: 1887ರ ಮುಂಬಯಿ ಜೂಜು ತಡೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಆಡುತ್ತಿದ್ದವನು ಮಾತ್ರವಲ್ಲ, ಆಡಲೆಂದು ಒಳಗೆ ನಿಂತಿದ್ದವನೂ ಶಿಕ್ಷಾರ್ಹ.