ಹಳೇ ಷೆವ್ರೊಲೆ ಪಿಕಪ್ಪನ್ನು ದೂರದ ದಾರಿಗೆ ಅಣಿಮಾಡುವ ಬಗೆ

ಅರಿಜೋನಾದ ಪ್ರೆಸ್ಕಟ್ಟಿನಲ್ಲಿರುವ ನಮ್ಮ ಕನ್ನಡದ ಸ್ನೇಹಿತರೊಬ್ಬರು 1951ರ ಷೆವ್ರೊಲೆ 3100 ಪಿಕಪ್ ಕೊಂಡರು. ಕಡು ಹಸಿರು ಬಣ್ಣ, ಮುಖ ನೋಡಿಕೊಳ್ಳಬಹುದಾದಷ್ಟು ಹೊಳಪು, ಹಿಂದಿನ ತೊಟ್ಟಿಗೆ ಹೊಸ ಓಕ್ ಹಲಗೆ. ಪೂರ್ತಿ ಜೀರ್ಣೋದ್ಧಾರ ಆಗಿದೆ ಎಂದು ಮಾರಿದವರು ಹೇಳಿದ್ದು ಸುಳ್ಳೇನೂ ಆಗಿರಲಿಲ್ಲ. ಮುಂದಿನ ವಾರವೇ ಹೆಂಡತಿಯನ್ನು ಕೂರಿಸಿಕೊಂಡು ರೂಟ್ 66 ಎಂಬ ಹಳೇ ಹೆದ್ದಾರಿಯಲ್ಲಿ ಕಿಂಗ್‌ಮನ್ ದಾಟಿ ನೀಡಲ್ಸ್ ಊರಿನವರೆಗೆ ಹೋಗಿಬರುತ್ತೇನೆ ಎಂದರು. ಒಂದು ತಿಂಗಳು ತಡೆಯಿರಿ, ನಾನೂ ಬರುತ್ತೇನೆ ಎಂದೆ. ಆ ತಿಂಗಳಲ್ಲಿ ಏನು ಮಾಡಿದೆವು, ಏಕೆ ಮಾಡಿದೆವು ಎನ್ನುವುದನ್ನು ಇಲ್ಲಿ ನಿಧಾನವಾಗಿ ಹೇಳುತ್ತೇನೆ. ಹಳೇ ಗಾಡಿಯ ಬಾನೆಟ್ಟನ್ನು ಇದುವರೆಗೆ ಎತ್ತಿ ನೋಡದವರಿಗೂ ಇದು ತಿಳಿಯಬೇಕು ಎಂಬುದು ನನ್ನ ಆಸೆ.

ಮೊದಲಿಗೆ ಒಂದು ಮಾತು. ಜೀರ್ಣೋದ್ಧಾರ ಮುಗಿದ ಗಾಡಿ ಎಂದರೆ ದಾರಿಗೆ ಸಿದ್ಧವಾದ ಗಾಡಿ ಅಂತಲ್ಲ. ಎಪ್ಪತ್ತು ವರ್ಷದ ಹಳೇ ಭಾಗಗಳು, ಹೋದ ವರ್ಷ ಹಾಕಿದ ಹೊಸ ಭಾಗಗಳು ಎಲ್ಲ ಒಟ್ಟಿಗೆ ಇನ್ನೂ ನೂರು ಮೈಲಿಯೂ ಓಡಿರುವುದಿಲ್ಲ. ನಟ್ಟು ಇನ್ನೂ ಕೂತಿರುವುದಿಲ್ಲ, ಗ್ಯಾಸ್ಕೆಟ್ ಬಿಸಿ ಕಂಡಿರುವುದಿಲ್ಲ. ಇಂಥ ಗಾಡಿಗಳು ಎಷ್ಟೋ ಸಲ ಟ್ರೇಲರ್ ಮೇಲೆ ಪ್ರದರ್ಶನಕ್ಕೆ ಹೋಗಿ ಟ್ರೇಲರ್ ಮೇಲೆಯೇ ಮನೆಗೆ ಬರುತ್ತವೆ. ನಿಂತಿದ್ದಾಗ ಬಾಯಿಬಿಡದ ದೋಷ ಓಡಿದಾಗ ಬಾಯಿಬಿಡುತ್ತದೆ. ಹಾಗಾಗಿ ಅದನ್ನು ಮನೆಯ ಹತ್ತಿರವೇ ಓಡಿಸಿ, ದೋಷಗಳನ್ನು ಹೊರಗೆ ಬರಿಸಿಕೊಳ್ಳಬೇಕು.

ಗಾಡಿಯ ಪರಿಚಯ ಮಾಡಿಕೊಳ್ಳೋಣ. ಷೆವ್ರೊಲೆಯವರು 1947ರಿಂದ 1955ರ ಆರಂಭದವರೆಗೆ ತಯಾರಿಸಿದ ಪಿಕಪ್ ಮಾಲಿಕೆಗೆ ಅಡ್ವಾನ್ಸ್ ಡಿಸೈನ್ ಎಂದು ಹೆಸರು. 3100 ಎಂದರೆ ಅದರಲ್ಲಿ ಅರ್ಧ ಟನ್ನಿನದು. ಉದ್ದಕ್ಕೆ ಆರು ಸಿಲಿಂಡರಿನ ಎಂಜಿನ್, ಅಳತೆ 216 ಘನ ಅಂಗುಲ, ನಮ್ಮ ಲೆಕ್ಕದಲ್ಲಿ ಸುಮಾರು ಮೂರೂವರೆ ಲೀಟರ್, ಶಕ್ತಿ ಸುಮಾರು 90 ಅಶ್ವಶಕ್ತಿ. ಬ್ಯಾಟರಿ 6 ವೋಲ್ಟಿನದು. ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೆ, ನಿಮ್ಮ ಬೆನ್ನಿನ ಹಿಂದೆಯೇ ಇರುತ್ತದೆ. ನಮ್ಮ ಊರ ಕಡೆ ಹಿರಿಯರು ಷೆವ್ರೊಲೆ ಲಾರಿ, ಷೆವ್ರೊಲೆ ಬಸ್ಸು ಎಂದು ನೆನೆಯುವುದುಂಟು. 1928ರಿಂದ ಜನರಲ್ ಮೋಟರ್ಸ್ ಕಂಪನಿ ಬೊಂಬಾಯಿಯಲ್ಲಿ ಷೆವ್ರೊಲೆಗಳನ್ನು ಜೋಡಿಸಿ ಮಾರುತ್ತಿತ್ತು. ಅವೂ ಈ ಪಿಕಪ್ಪೂ ಒಂದೇ ಮನೆತನದವು.

ಈ ಗಾಡಿಯ ವೇಗ ಎಷ್ಟು ಎಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ಟಾಪ್ ಗೇರಿನಲ್ಲಿ ಎಂಜಿನ್ 4.11 ಸುತ್ತು ತಿರುಗಿದರೆ ಹಿಂದಿನ ಚಕ್ರ ಒಂದು ಸುತ್ತು ತಿರುಗುತ್ತದೆ. ಹೊಲದ ಹಾದಿಯಲ್ಲಿ ಹುಲ್ಲು, ಕಾಳು ಹೇರಿಕೊಂಡು ಹೋಗಲು ಮಾಡಿದ ಲೆಕ್ಕ ಅದು. ಗಂಟೆಗೆ 60 ಮೈಲಿ ಓಡಿಸಿದರೆ ಎಂಜಿನ್ ನಿಮಿಷಕ್ಕೆ ಹೆಚ್ಚುಕಡಿಮೆ 3000 ಸುತ್ತು ತಿರುಗುತ್ತದೆ. ಈಗಿನ ಕಾರಿಗೆ ಅದು ಲೆಕ್ಕಕ್ಕಿಲ್ಲ, ಈ ಎಂಜಿನ್ನಿಗೆ ಬಹಳವಾಯಿತು. ಏಕೆಂದರೆ ಇದರ ಕನೆಕ್ಟಿಂಗ್ ರಾಡುಗಳ ಬೇರಿಂಗಿಗೆ ಪಂಪಿನಿಂದ ನೇರವಾಗಿ ಎಣ್ಣೆ ಹೋಗುವುದಿಲ್ಲ. ರಾಡಿನ ಬುಡದಲ್ಲಿ ಪುಟ್ಟ ಸೌಟಿನಂಥ ಭಾಗವಿದೆ, ಅದು ತಿರುಗುವಾಗ ಎಣ್ಣೆಯನ್ನು ಮೊಗೆದುಕೊಳ್ಳುತ್ತದೆ. ಬೇರಿಂಗಾದರೂ ಬ್ಯಾಬಿಟ್ ಎಂಬ ಮೆತ್ತನೆಯ ಬಿಳಿ ಲೋಹವನ್ನು ಕರಗಿಸಿ ಎರಕ ಹೊಯ್ದದ್ದು. ಗಂಟೆಗಟ್ಟಲೆ ಒತ್ತಿ ಓಡಿಸಿದರೆ ಆ ಲೋಹ ಸೋಲುತ್ತದೆ, ಎಂಜಿನ್ ಬಡಿಯತೊಡಗುತ್ತದೆ. ಸ್ಟೈನ್‌ಬೆಕ್‌ನ ‘ದಿ ಗ್ರೇಪ್ಸ್ ಆಫ್ ರಾತ್’ ಕಾದಂಬರಿಯಲ್ಲಿ ಇದೇ ರೂಟ್ 66ರ ಪಕ್ಕದಲ್ಲಿ ಗಾಡಿ ನಿಲ್ಲಿಸಿ, ಎಣ್ಣೆತೊಟ್ಟಿ ಕಳಚಿ, ಅಣ್ಣತಮ್ಮಂದಿರು ಸರಿಪಡಿಸುವುದು ಇಂಥದೇ ಬೇರಿಂಗನ್ನು.

ಗಂಟೆಗೆ 45 ಮೈಲಿ, ಅಂದರೆ 70 ಕಿಲೋಮೀಟರ್ ಚಿಲ್ಲರೆ, ಈ ಗಾಡಿಗೆ ಹಿತವಾದ ನಡೆ. ಹೊಸಬರು ಎಣ್ಣೆ ಒತ್ತಡದ ಮೀಟರ್ ನೋಡಿ ಗಾಬರಿಯಾಗುತ್ತಾರೆ. ಮೀಟರಿನ ಕೊನೆಯೇ 30, ಮುಳ್ಳು 15ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಈ ಎಂಜಿನ್ನಿಗೆ ಅದೇ ಸರಿಯಾದ ಒತ್ತಡ.

ಹೀಗಿರುವಾಗ 75 ಮೈಲಿ ವೇಗದ ಐ-40 ಹೆದ್ದಾರಿ ನಮ್ಮ ದಾರಿಯಲ್ಲ. ಗಾಡಿಯ ನಡೆಗೆ ಒಗ್ಗುವ ದಾರಿಯನ್ನು ಹುಡುಕಬೇಕು. ರೂಟ್ 66 ಅಂಥದು. 1926ರಲ್ಲಿ ಹುಟ್ಟಿ, 1985ರಲ್ಲಿ ರಾಷ್ಟ್ರೀಯ ಹೆದ್ದಾರಿಯ ಪಟ್ಟಿಯಿಂದ ಹೊರಬಿದ್ದ ರಸ್ತೆ. ಸೆಲಿಗ್‌ಮನ್ ಊರನ್ನು 1978ರಲ್ಲೇ ಐ-40 ಬದಿಗೆ ಸರಿಸಿ ಹೋಯಿತು. ಆ ಊರಿನ ಕ್ಷೌರಿಕ ಏಂಜೆಲ್ ಡೆಲ್ಗಾಡಿಯೊ ಮತ್ತವರ ಜೊತೆಯವರು 1987ರಲ್ಲಿ ಸಂಘ ಕಟ್ಟಿ, ಬೆನ್ನುಹತ್ತಿ ಈ ರಸ್ತೆಯನ್ನು ಉಳಿಸಿಕೊಂಡರು. ಇವತ್ತು ಸೆಲಿಗ್‌ಮನ್‌ನಿಂದ ಕಿಂಗ್‌ಮನ್‌ಗೆ 87 ಮೈಲಿ ಯಾರ ಅವಸರಕ್ಕೂ ಸಿಗದೆ ಹೋಗಬಹುದು.

ಇನ್ನು ಬ್ರೇಕು. ಇದರ ಬಗ್ಗೆ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಅವಸರ ಮಾಡಬೇಡಿ. ಈಗಿನ ಗಾಡಿಗಳಲ್ಲಿ ಬ್ರೇಕಿನ ಎಣ್ಣೆ ಎರಡು ದಾರಿಯಲ್ಲಿ ಹೋಗುತ್ತದೆ, ಒಂದು ಕೆಟ್ಟರೆ ಇನ್ನೊಂದು ಕೈಹಿಡಿಯುತ್ತದೆ. 3100ರಲ್ಲಿ ಇರುವುದು ಒಂದೇ ದಾರಿ. ಡ್ರೈವರ್ ಕಾಲಡಿಯಲ್ಲಿ ಒಂದೇ ಮಾಸ್ಟರ್ ಸಿಲಿಂಡರ್, ಅಲ್ಲಿಂದ ನಾಲ್ಕೂ ಚಕ್ರಕ್ಕೆ. ಎಲ್ಲೇ ಒಂದು ಹೋಸ್ ಒಡೆದರೂ ನಾಲ್ಕೂ ಬ್ರೇಕು ಒಟ್ಟಿಗೆ ಹೋದವು, ಆಮೇಲೆ ಉಳಿಯುವುದು ಹ್ಯಾಂಡ್ ಬ್ರೇಕ್ ಒಂದೇ.

ಗಾಡಿಯನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಒಂದು ಚಕ್ರ ಬಿಚ್ಚಿ, ಡ್ರಮ್ ಎಳೆಯಿರಿ. ಒಳಗೆ ಮೇಲುಗಡೆ ಹೆಬ್ಬೆರಳು ಗಾತ್ರದ ವೀಲ್ ಸಿಲಿಂಡರ್ ಇದೆ. ಅದರ ಎರಡೂ ತುದಿಗೆ ರಬ್ಬರಿನ ಟೋಪಿ. ಟೋಪಿಯ ಅಂಚನ್ನು ಉಗುರಿನಿಂದ ಮೆಲ್ಲಗೆ ಎತ್ತಿ ನೋಡಿ. ಒಣಗಿದ್ದರೆ ಸರಿ. ಒದ್ದೆಯಿದ್ದರೆ, ಒಂದೇ ಹನಿಯಾದರೂ, ಆ ಸಿಲಿಂಡರ್ ಬದಲಾಗಬೇಕು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ತೇವ ಸಿಲಿಂಡರಿನ ಒಳಗೋಡೆಗೆ ತುಕ್ಕು ಹಿಡಿಸುತ್ತದೆ, ತುಕ್ಕು ರಬ್ಬರನ್ನು ಕೊರೆಯುತ್ತದೆ. ನಮ್ಮ ಸ್ನೇಹಿತರ ಗಾಡಿಯಲ್ಲಿ ಹೊರಗಿನ ಡ್ರಮ್ಮಿಗೆ ಹೊಸ ಕಪ್ಪು ಬಣ್ಣ ಮಿರುಗುತ್ತಿತ್ತು, ಒಳಗೆ ಹಿಂದಿನ ಎಡಗಡೆ ಸಿಲಿಂಡರ್ ಒದ್ದೆಯಾಗಿತ್ತು.

ಹಳೇ ರಬ್ಬರ್ ಹೋಸುಗಳನ್ನು ನೋಡುವುದೇ ಬೇಡ, ಬದಲಾಯಿಸಿ. ಹೊರಗೆ ಗಟ್ಟಿ ಕಾಣುವ ಹೋಸ್ ಒಳಗೊಳಗೇ ಊದಿಕೊಂಡಿರುತ್ತದೆ. ಪೆಡಲ್ ಒತ್ತಿದಾಗ ಎಣ್ಣೆಯನ್ನು ಬಿಡುತ್ತದೆ, ಕಾಲು ತೆಗೆದಾಗ ಹಿಂದಕ್ಕೆ ಬಿಡುವುದಿಲ್ಲ, ಬ್ರೇಕು ಹಿಡಿದೇ ಇರುತ್ತದೆ. ಎಲ್ಲ ಹೊಸದಾಗಿ ಹಾಕಿ, ಬ್ರೇಕ್ ಎಣ್ಣೆಯಲ್ಲಿ ಸೇರಿದ ಗಾಳಿ ತೆಗೆದ ಮೇಲೆ ಪೆಡಲನ್ನು ಜೋರಾಗಿ ಒತ್ತಿ ಒಂದು ನಿಮಿಷ ಹಾಗೇ ಹಿಡಿಯಿರಿ. ಕಾಲಡಿಯಲ್ಲಿ ಕಲ್ಲಿನಂತೆ ನಿಲ್ಲಬೇಕು. ಮೆಲ್ಲಮೆಲ್ಲಗೆ ಕೆಳಗಿಳಿದರೆ ಎಲ್ಲೋ ಸೋರುತ್ತಿದೆ ಎಂದರ್ಥ, ಹೊರಡುವಂತಿಲ್ಲ.

ಕರೆಂಟಿನ ವಿಷಯದಲ್ಲಿ ನನಗೇ ಆದದ್ದೊಂದನ್ನು ಹೇಳುತ್ತೇನೆ. ವರ್ಷಗಳ ಹಿಂದೆ ನನ್ನ ಗಾಡಿಗೆ ಹೊಸ ಬಣ್ಣ ಮಾಡಿಸಿ ತಂದೆ. ಬಿಸಿಯಾದ ಎಂಜಿನ್ ನಿಲ್ಲಿಸಿದರೆ ಮತ್ತೆ ಸೆಲ್ಫ್ ತಿರುಗುತ್ತಿರಲಿಲ್ಲ. ಬ್ಯಾಟರಿ ಬದಲಾಯಿಸಿದೆ, ಸ್ಟಾರ್ಟರ್ ಬಿಚ್ಚಿಸಿದೆ. ಕೊನೆಗೆ ತಿಳಿದದ್ದು, ಅರ್ತ್ ವಯರ್ ಕೂರುವ ಜಾಗದಲ್ಲೂ ದಪ್ಪಗೆ ಬಣ್ಣ ಬಳಿದಿದ್ದರು. ಬಣ್ಣದ ಮೇಲೆ ಕರೆಂಟು ಹರಿಯುವುದಿಲ್ಲ. ಜೀರ್ಣೋದ್ಧಾರವಾದ ಗಾಡಿಗಳಲ್ಲಿ ಇದು ತೀರಾ ಸಾಮಾನ್ಯ. ಅಷ್ಟು ಚೆಂದದ ಬಣ್ಣವನ್ನು ಕೆರೆಯಲು ಯಾರಿಗೂ ಮನಸ್ಸು ಬರುವುದಿಲ್ಲ. ಕೆರೆಯಲೇಬೇಕು. ಕಾಸಿನಗಲ ಜಾಗ ಲೋಹ ಬೆಳ್ಳಗೆ ಕಾಣುವವರೆಗೆ ಉಜ್ಜಿ, ವಯರ್ ಬಿಗಿದು, ಮೇಲೆ ತುಸು ಗ್ರೀಸ್ ಹಚ್ಚಿ.

6 ವೋಲ್ಟಿನ ಗಾಡಿಯಲ್ಲಿ ಇದು ಇನ್ನೂ ಮುಖ್ಯ. ತೋಟಕ್ಕೆ ನೀರು ಬಿಡುವವರಿಗೆ ಇದು ಬೇಗ ತಿಳಿಯುತ್ತದೆ. ಒತ್ತಡ ಕಡಿಮೆಯಿದ್ದು ಅಷ್ಟೇ ನೀರು ಬೇಕೆಂದರೆ ಪೈಪು ಅಗಲ ಇರಬೇಕು. 12 ವೋಲ್ಟಿನಲ್ಲಿ ಆಗುವ ಕೆಲಸ 6 ವೋಲ್ಟಿನಲ್ಲಿ ಆಗಬೇಕೆಂದರೆ ಎರಡರಷ್ಟು ಕರೆಂಟು ಹರಿಯಬೇಕು, ಅದಕ್ಕೆ ಬ್ಯಾಟರಿಯ ಕೇಬಲ್ ಬೆರಳಷ್ಟು ದಪ್ಪ ಇರಬೇಕು. ಅಂಗಡಿಯಲ್ಲಿ ಸಿಗುವ 12 ವೋಲ್ಟಿನ ತೆಳು ಕೇಬಲ್ ಹಾಕಿ, ಗಾಡಿಯೇ ಸರಿಯಿಲ್ಲ ಎನ್ನುವವರನ್ನು ಬಹಳ ಕಂಡಿದ್ದೇನೆ. ಪರೀಕ್ಷೆ ಸುಲಭ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ತುದಿಗೂ ಇನ್ನೊಂದನ್ನು ಎಂಜಿನ್ನಿನ ಬರಿ ಲೋಹಕ್ಕೂ ಮುಟ್ಟಿಸಿ, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. 0.2 ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಸರಿಯಿಲ್ಲ. ಇನ್ನೊಂದು ಮಾತು, ಈ ಗಾಡಿಯ ಡೈನಮೋ ನಿಂತಲ್ಲಿ ಓಡುವಾಗ ಬ್ಯಾಟರಿ ತುಂಬುವುದಿಲ್ಲ. ಹಾಗಾಗಿ ದೀಪದ ಭಾರವೂ ಬೀಳದಂತೆ ಹಗಲಲ್ಲೇ ಪ್ರಯಾಣ ಮುಗಿಸುವಂತೆ ಲೆಕ್ಕ ಹಾಕಿಕೊಳ್ಳಿ.

ಪೆಟ್ರೋಲಿನ ಬಗ್ಗೆ ಎರಡು ಮಾತು. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇರುತ್ತದೆ, ಹಳೇ ರಬ್ಬರನ್ನು ಅದು ತಿನ್ನುತ್ತದೆ. ಪೆಟ್ರೋಲ್ ಪಂಪಿನ ಡಯಾಫ್ರಾಮ್, ಮೆದು ಪೈಪು ಎರಡನ್ನೂ ಎಥನಾಲ್ ತಡೆಯುವ ಬಗೆಯದಕ್ಕೆ ಬದಲಿಸಿ. ಟ್ಯಾಂಕ್ ಬೆನ್ನಿನ ಹಿಂದೆಯೇ ಇರುವುದರಿಂದ ಕ್ಯಾಬಿನ್ನಿನಲ್ಲಿ ಪೆಟ್ರೋಲ್ ವಾಸನೆ ಬಂದರೆ, ಹಳೇ ಗಾಡಿ ಅಂದಮೇಲೆ ವಾಸನೆ ಇದ್ದದ್ದೇ ಎಂದು ಸುಮ್ಮನಿರಬೇಡಿ. ಸೋರುವ ಜಾಗ ಸಿಗುವವರೆಗೆ ಗಾಡಿ ಶೆಡ್ಡಿನಲ್ಲೇ ಇರಲಿ. ನೀಡಲ್ಸ್ ಬೇಸಿಗೆಯಲ್ಲಿ 45 ಡಿಗ್ರಿ ದಾಟುತ್ತದೆ. ಆ ಕಾವಿನಲ್ಲಿ ಪೆಟ್ರೋಲು ಪೈಪಿನೊಳಗೇ ಆವಿಯಾಗಿ ಎಂಜಿನ್ ಉಸಿರುಗಟ್ಟುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತಿ ಕಾಲು ಗಂಟೆ ಕಾದರೆ ಮತ್ತೆ ನಡೆಯುತ್ತದೆ. ಅದಕ್ಕಿಂತ ಮಾರ್ಚಿನಲ್ಲೋ ಅಕ್ಟೋಬರ್ ಕೊನೆಗೋ ಹೋಗುವುದು ಲೇಸು. ಎಂಜಿನ್ ಕಾಯದಿರಲು ರೇಡಿಯೇಟರ್ ತೊಳೆಸಿ, ಹೋಸು ಬದಲಿಸಿ, ಹಳೇ ರೇಡಿಯೇಟರಿಗೆ ಈಗಿನ ಹೆಚ್ಚು ಒತ್ತಡದ ಮುಚ್ಚಳ ಮಾತ್ರ ಹಾಕಬೇಡಿ, ಬೆಸುಗೆ ಬಿಡುತ್ತದೆ.

ಟೈರಿನ ಪಕ್ಕೆಯ ಮೇಲೆ ಡಾಟ್ (DOT) ಎಂಬ ಗುರುತಿನ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತದೆ, ಮೊದಲೆರಡು ವಾರ, ಕೊನೆಯೆರಡು ವರ್ಷ. 2309 ಎಂದಿದ್ದರೆ 2009ರ 23ನೇ ವಾರದ್ದು. ಅಂಥ ಟೈರ್ ಸವೆದಿಲ್ಲದಿದ್ದರೂ ಬೇಡ. ಸ್ಟೆಪ್ನಿಯದನ್ನೂ ಓದಿ.

ಗ್ರೀಸನ್ನು ಈ ಗಾಡಿ ಊಟದಂತೆ ಕೇಳುತ್ತದೆ. ಮುಂದಿನ ಚಕ್ರ ಹೊರಳುವ ಕಿಂಗ್ ಪಿನ್, ಟೈ ರಾಡ್, ಸ್ಪ್ರಿಂಗ್ ಪ್ಲೇಟಿನ ಶ್ಯಾಕಲ್ ಎಲ್ಲಕ್ಕೂ ಸಾವಿರ ಮೈಲಿಗೊಮ್ಮೆ ಗ್ರೀಸ್ ಹೊಡೆಯಬೇಕು, ಹಳೇ ಗ್ರೀಸ್ ಹೊರಗೆ ಬರುವವರೆಗೆ. ಮುಂದಿನ ಚಕ್ರ ಜಾಕಿಯಲ್ಲಿ ಎತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲ್ಲಾಡಿಸಿ ನೋಡಿ. ಟಕ್ ಟಕ್ ಎಂದರೆ ಬೇರಿಂಗೋ ಕಿಂಗ್ ಪಿನ್ನೋ ಸವೆದಿದೆ.

ಇಷ್ಟಾದ ಮೇಲೆ ಓಡಿಸಿ ನೋಡುವುದು. ಮೊದಲ ದಿನ ಮನೆಯ ಸುತ್ತ ಹತ್ತು ಮೈಲಿ. ರಾತ್ರಿ ಗಾಡಿಯ ಕೆಳಗೆ ದೊಡ್ಡ ರಟ್ಟು ಹಾಸಿ, ನಾಲ್ಕು ಚಕ್ರದ ಗುರುತು ಬರೆದಿಡಿ. ಬೆಳಿಗ್ಗೆ ಅದು ಗಾಡಿಯ ನಕ್ಷೆಯಾಗಿರುತ್ತದೆ. ಮುಂದೆ ಕಂದು ಕಲೆ ಎಂಜಿನ್ ಎಣ್ಣೆ, ಹಿಂದೆ ಗಂಧಕದಂತೆ ನಾರುವುದು ಹಿಂದಿನ ಆಕ್ಸಲ್ ಹೌಸಿಂಗಿನ ಎಣ್ಣೆ, ಚಕ್ರದ ಹತ್ತಿರ ತೆಳುವಾದ ಕಲೆಯಿದ್ದರೆ ಬ್ರೇಕ್ ಎಣ್ಣೆ. ಒಂದೆರಡು ಹನಿ ಎಂಜಿನ್ ಎಣ್ಣೆ ಪರವಾಗಿಲ್ಲ, ಬ್ರೇಕಿನದು ಒಂದು ಹನಿಯೂ ಕೂಡದು. ಮುಂದಿನ ವಾರ ಐವತ್ತು ಮೈಲಿ, ಬಂದಮೇಲೆ ಚಕ್ರದ ನಟ್ಟು ಮತ್ತೆ ಬಿಗಿ. ಆಮೇಲೆ ನೂರು ಮೈಲಿ, ಅದರಲ್ಲೊಂದು ಏರು, ಒಂದು ಮಧ್ಯಾಹ್ನದ ಬಿಸಿಲು ಇರಲಿ. ಪ್ರತಿ ಸಲವೂ ಮೀಟರುಗಳ ಮುಳ್ಳು ಎಲ್ಲಿ ನಿಂತಿತು ಎಂದು ಬರೆದಿಡಿ. ಗಾಡಿಗೆ ಮಾಮೂಲು ಯಾವುದೆಂದು ಗೊತ್ತಿಲ್ಲದವರಿಗೆ ಅದು ತಪ್ಪಿದಾಗಲೂ ಗೊತ್ತಾಗುವುದಿಲ್ಲ.

ಜೊತೆಗೆ ಒಯ್ಯಬೇಕಾದ್ದು: ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್ ಎರಡು, ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಪಾಯಿಂಟು, ಕಂಡೆನ್ಸರ್, ಒಂದೆರಡು ಪ್ಲಗ್, 6 ವೋಲ್ಟಿನ ಬಲ್ಬು, ಬ್ರೇಕ್ ಎಣ್ಣೆ, ಎಂಜಿನ್ ಎಣ್ಣೆ, ಬೆಂಕಿ ಆರಿಸುವ ಸಿಲಿಂಡರ್, ಇಪ್ಪತ್ತು ಲೀಟರ್ ನೀರು. ಕಂಡೆನ್ಸರ್ ತಣ್ಣಗಿದ್ದಾಗ ಕೆಲಸ ಮಾಡಿ ಬಿಸಿಯಾದಾಗ ಕೈಕೊಡುತ್ತದೆ, ಅದನ್ನು ಮರೆಯಬೇಡಿ.

ನಮ್ಮಪ್ಪ ಅರಸೀಕೆರೆಯಲ್ಲಿ ಕೊಬ್ಬರಿ ಲಾರಿ ಓಡಿಸುತ್ತಿದ್ದರು. ಟೀಗೆ ನಿಲ್ಲಿಸಿದಾಗಲೆಲ್ಲ, ಟೀ ಹೇಳುವ ಮುಂಚೆಯೇ, ಸುತ್ತ ಒಂದು ಸುತ್ತು ಬಂದು ಎಲ್ಲ ಚಕ್ರದ ಹಬ್ಬಿಗೂ ಅಂಗೈ ಇಟ್ಟು ನೋಡುತ್ತಿದ್ದರು. ಎಲ್ಲ ಒಂದೇ ಬಿಸಿ ಇದ್ದರೆ ಸರಿ, ಒಂದು ಮಾತ್ರ ಹೆಚ್ಚು ಬಿಸಿಯಿದ್ದರೆ ಅದರ ಬೇರಿಂಗೋ ಬ್ರೇಕೋ ಏನೋ ಹೇಳುತ್ತಿದೆ. ಇದನ್ನು ಸ್ನೇಹಿತರಿಗೆ ಹೇಳಿಕೊಟ್ಟೆ. ಮಾರ್ಚಿನ ಒಂದು ಬೆಳಿಗ್ಗೆ ಮೂವರೂ ಹೊರಟು, ಹೆದ್ದಾರಿ 89 ಹಿಡಿದು ಆಶ್ ಫೋರ್ಕ್ ಮುಟ್ಟಿ, ಅಲ್ಲಿಂದ ಸೆಲಿಗ್‌ಮನ್ ದಾಟಿದೆವು. ಪೀಚ್ ಸ್ಪ್ರಿಂಗ್ಸಿನಲ್ಲಿ ನಿಲ್ಲಿಸಿದಾಗ ಅವರ ಹೆಂಡತಿಯೇ ಮೊದಲು ಇಳಿದು ನಾಲ್ಕೂ ಚಕ್ರ ಮುಟ್ಟಿದರು. ಮುಂದಿನ ಬಲಗಡೆಯದರ ಮೇಲೆ ಅಂಗೈ ನಿಲ್ಲಲಿಲ್ಲ. ಜಾಕಿ ಕೊಟ್ಟು ಕೈಯಲ್ಲಿ ತಿರುಗಿಸಿದರೆ ಬ್ರೇಕ್ ಶೂ ಡ್ರಮ್ಮಿಗೆ ಉಜ್ಜುತ್ತಿತ್ತು. ಅದೇ ಚಕ್ರದ ಹಿಂಬದಿಯ ಕಿಂಡಿಯಿಂದ ಅಡ್ಜಸ್ಟರಿನ ಹಲ್ಲುಗಾಲಿಯನ್ನು ಮೂರು ಹಲ್ಲು ಸಡಿಲಿಸಿದೆವು. ಹದಿನೈದು ನಿಮಿಷದ ಕೆಲಸ.

ಕಿಂಗ್‌ಮನ್ ದಾಟಿದ ಮೇಲೆ ಸಿಟ್‌ಗ್ರೀವ್ಸ್ ಕಣಿವೆ. ಬಿಗಿಯಾದ ತಿರುವುಗಳು, ತಡೆಗೋಡೆ ಇಲ್ಲದ ಅಂಚು. ಏರುವಾಗ ಎರಡನೇ ಗೇರು, ಇಳಿಯುವಾಗಲೂ ಅದೇ ಎರಡನೇ ಗೇರು. ಎಂಜಿನ್ ಗಾಡಿಯನ್ನು ಹಿಡಿದುಕೊಳ್ಳಲಿ, ಬ್ರೇಕನ್ನು ತಿರುವಿನ ಮುಂಚೆ ಒಂದು ಸಲ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಕಾಲಿಟ್ಟುಕೊಂಡೇ ಇಳಿದರೆ ಡ್ರಮ್ ಕಾದು ಬ್ರೇಕು ಹಿಡಿಯುವುದನ್ನೇ ಬಿಡುತ್ತದೆ. ಕೆಳಗೆ ಓಟ್‌ಮನ್ ಎಂಬ ಹಳೇ ಚಿನ್ನದ ಗಣಿಯ ಊರು, ಬೀದಿಯಲ್ಲಿ ಕತ್ತೆಗಳು ಓಡಾಡಿಕೊಂಡಿರುತ್ತವೆ. ಅಲ್ಲಿ ಗಾಡಿ ನಿಲ್ಲಿಸಿದಾಗ ಸ್ನೇಹಿತರ ಹೆಂಡತಿ ಮೀಟರುಗಳ ಲೆಕ್ಕ ಬರೆದಿಡುವ ಪುಸ್ತಕದಲ್ಲಿ ಬರೆದದ್ದನ್ನು ಆಮೇಲೆ ನೋಡಿದೆ: ‘ಓಟ್‌ಮನ್, ಮಧ್ಯಾಹ್ನ 2.10. ನೀರು ಸರಿ. ಎಣ್ಣೆ ಅರ್ಧ ಲೀಟರ್ ಹಿಡಿಯಿತು. ನಾಲ್ಕೂ ಹಬ್ ಒಂದೇ ಬಿಸಿ.’