ಓಡದ ಡಿವಿಡಿ, ತಿದ್ದಿದ ವಾಕ್ಯ

ಬೋಧನಾಭ್ಯಾಸಕ್ಕೆ ಹೊರಕೆರೆದೇವಪುರದ ಪ್ರೌಢಶಾಲೆಯೊಂದಕ್ಕೆ ಹೋಗಿದ್ದಾಗ 9ನೇ ತರಗತಿಯ ‘ಶಬ್ದ’ ಘಟಕ ನನ್ನ ಪಾಲಿಗೆ ಬಂದಿತ್ತು. ಪೀಠಿಕೆಗೆಂದು, ಸಹಪಾಠಿಯ ಮಾವ ಅಮೆರಿಕದಿಂದ ತಂದಿದ್ದ ವಿಜ್ಞಾನದ ಡಿವಿಡಿ ಒಯ್ದಿದ್ದೆ. ಪ್ಲೇಯರ್‌ಗೆ ಹಾಕಿದರೆ, ಪ್ರದೇಶ ತಪ್ಪಾಗಿದೆ ಎಂಬ ಸೂಚನೆಯಷ್ಟೇ ಪರದೆಯ ಮೇಲೆ ಬಂತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕರು ಕುಳಿತಿದ್ದರು. ಗಾಬರಿಯಲ್ಲಿ, “ಅಮೆರಿಕದ್ದು ಎನ್‌ಟಿಎಸ್‌ಸಿ, ನಮ್ಮದು ಪಾಲ್. ಅದಕ್ಕೇ ಓಡುತ್ತಿಲ್ಲ” ಎಂದುಬಿಟ್ಟೆ. ಮಕ್ಕಳು ಬರೆದುಕೊಂಡರು.

ಮರುದಿನ ವಿದ್ಯಾರ್ಥಿನಿಯೊಬ್ಬಳು ಮನೆಯಿಂದ ಕನ್ನಡ ಸಿನಿಮಾದ ಡಿವಿಡಿ ಕವರ್ ತಂದು ತೋರಿಸಿದಳು. “ಸಾರ್, ಇದ್ರ ಮೇಲೂ ಎನ್‌ಟಿಎಸ್‌ಸಿ ಅಂತ ಬರ್ದೈತೆ. ನಮ್ಮನೇಲಿ ಓಡ್ತೈತಲ್ಲ?”

ನಾನು ಎರಡು ಬೇರೆ ಸಂಗತಿಗಳನ್ನು ಒಂದೇ ಮಾಡಿದ್ದೆ. ಪ್ರದೇಶ ಸಂಕೇತವೆಂಬುದು ಬೀಗ. ಒಂದು ದೇಶದ ಡಿಸ್ಕ್ ಇನ್ನೊಂದು ಮಾರುಕಟ್ಟೆಗೆ ನುಗ್ಗದಿರಲೆಂದು ಚಿತ್ರಸಂಸ್ಥೆಗಳು ಹಾಕಿಸಿದ್ದು. ಅಮೆರಿಕಕ್ಕೆ 1, ಭಾರತಕ್ಕೆ 5. ಅವಳ ಡಿಸ್ಕ್ ಎಲ್ಲ ಪ್ರದೇಶಗಳಿಗೂ ಎಂದು ಕವರೇ ಹೇಳುತ್ತಿತ್ತು. ಎನ್‌ಟಿಎಸ್‌ಸಿ, ಪಾಲ್ ಎಂಬುವು ಚಿತ್ರದ ಅಳತೆಗಳು: ಡಿವಿಡಿಯಲ್ಲಿ ಮೊದಲನೆಯದಕ್ಕೆ 480 ಗೆರೆ, ಸೆಕೆಂಡಿಗೆ ಸುಮಾರು 30 ಚಿತ್ರ, ಎರಡನೆಯದಕ್ಕೆ 576 ಗೆರೆ, 25 ಚಿತ್ರ. ನಮ್ಮಲ್ಲಿನ ಹೆಚ್ಚಿನ ಪ್ಲೇಯರ್‌ಗಳು ಎರಡನ್ನೂ ಓದುತ್ತವೆ. ಈ 30, 25 ಬಂದದ್ದು ಅಲ್ಲಿನ 60, ಇಲ್ಲಿನ 50 ಹರ್ಟ್ಸ್ ವಿದ್ಯುತ್ತಿನಿಂದ. ಆವೃತ್ತಿ ಕಲಿಸಲು ಇದಕ್ಕಿಂತ ಒಳ್ಳೆಯ ಪೀಠಿಕೆ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ!

ಹಿಂದಿನ ದಿನದ ವಾಕ್ಯವನ್ನು ಹಲಗೆಯ ಮೇಲೆ ಮತ್ತೆ ಬರೆದು, ನಾನೇ ಹೊಡೆದುಹಾಕಿದೆ. ಪುಸ್ತಕದಲ್ಲೂ ಹೊಡೆಯಿರಿ ಎಂದಾಗ ಕೆಲವರು ನಕ್ಕರು. ಕಿವಿ ಬಿಸಿಯಾಯಿತು.

ಆಮೇಲೆ ಪರಿವರ್ತನೆ. ಪುಟಿಯುವ ಚೆಂಡಿನ ಆರು ಹಂತಗಳನ್ನು ಆರು ಹಾಳೆಗಳಲ್ಲಿ ಬರೆಸಿ, ಆರು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿದೆ. ನಾಲ್ಕನೆಯವನನ್ನು ಕೂರಿಸಿದ ಕೂಡಲೇ, “ಚೆಂಡು ಹಾರ್‌ಬಿಡ್ತು ಸಾರ್” ಎಂದರು. ಆರಕ್ಕೊಂದು ಬಿಟ್ಟರೆ 30 ಚಿತ್ರ 25 ಆಗುತ್ತವೆ. ಚಲನೆ ಕುಂಟುವುದು ಅಲ್ಲೇ. ಗೆರೆಗಳದ್ದು ತಿರುಗಾಮುರುಗಾ: ಐದಿದ್ದಲ್ಲಿ ಆರು ಬೇಕು. ಯಂತ್ರ ಅಕ್ಕಪಕ್ಕದ ಗೆರೆಗಳ ಸರಾಸರಿ ಹಿಡಿದು ತುಂಬುತ್ತದೆ; ಡಿಸ್ಕಿನಲ್ಲಿ ಇಲ್ಲದ ವಿವರ ಹೊಸದಾಗಿ ಬರುವುದಿಲ್ಲ. ಅಷ್ಟರಲ್ಲಿ ಹಿಂದೆ ಕೂತ ಹುಡುಗನೊಬ್ಬ ಗುಣಿಸಿ ನೋಡಿದ್ದ: 480×30, 576×25, ಎರಡೂ 14,400. ನಾನದನ್ನು ಗಮನಿಸಿರಲೇ ಇಲ್ಲ.

ಘಟಕ ಒಂದು ಅವಧಿ ಹಿಂದೆ ಬಿತ್ತು. ವೀಕ್ಷಣಾ ಪುಸ್ತಕದಲ್ಲಿ ಮಾರ್ಗದರ್ಶಕರು ಅದನ್ನೂ ನಮೂದಿಸಿದರು. ಅಮೆರಿಕದ ಡಿಸ್ಕನ್ನು ಮೂರನೆಯ ದಿನ ನನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಅದರ ಡ್ರೈವಿನ ಪ್ರದೇಶವನ್ನು 5 ಬಾರಿ ಮಾತ್ರ ಬದಲಿಸಬಹುದು. ಒಂದು ಬಾರಿ ಈ ತರಗತಿಗಾಗಿ ಖರ್ಚಾಯಿತು.